ದಾವಣಗೆರೆಯ ಎಂ15 ಟೂರ್ನಿಯಲ್ಲಿ ಡಬಲ್ಸ್ ಆಡಿದ ಅನುಭವ: ಐಪಿನ್‌ನಿಂದ ಬಹುಮಾನದ ಹಣದವರೆಗೆ

ನಮ್ಮೂರಿನ ಎಂ15 ಟೂರ್ನಿ ಮುಗಿದಿದೆ. ಕೋರ್ಟಿನ ಸುತ್ತ ಕಟ್ಟಿದ್ದ ಬ್ಯಾನರ್‌ಗಳನ್ನು ಬಿಚ್ಚಿಯೂ ಆಯಿತು. ನಾನು ಡಬಲ್ಸ್ ಆಡಿದೆ, ಒಂದು ಪಂದ್ಯ ಗೆದ್ದೆ, ಮುಂದಿನದರಲ್ಲಿ ಸೋತೆ. ಆಡಿದ್ದು ಇಷ್ಟೇ. ಆದರೆ ಅಲ್ಲಿಗೆ ಹೋಗಿ ನಿಲ್ಲುವುದಕ್ಕೆ ತಿಂಗಳುಗಟ್ಟಲೆ ಓಡಾಟ, ಕಾಗದಪತ್ರ, ಕಾಯುವ ಕೆಲಸ ಇತ್ತು. ಬೆಂಗಳೂರಿನ ಹುಡುಗರಿಗೆ ಇದನ್ನೆಲ್ಲ ಹೇಳಿಕೊಡುವುದಕ್ಕೆ ಕಬ್ಬನ್ ಪಾರ್ಕಿನ ಕೆಎಸ್‌ಎಲ್‌ಟಿಎ (ರಾಜ್ಯ ಲಾನ್ ಟೆನಿಸ್ ಸಂಸ್ಥೆ) ಕೋರ್ಟಲ್ಲಿ ಯಾರಾದರೂ ಹಿರಿಯರು ಸಿಗುತ್ತಾರೆ. ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆಯವರಿಗೆ ಹಾಗೆ ಸಿಗುವುದು ಕಷ್ಟ. ಅದಕ್ಕೇ ಮರೆಯುವ ಮೊದಲು ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ಒಂದು ಮಾತು. ಎಂ15 ಅಂದರೆ ಒಟ್ಟು 15,000 ಡಾಲರ್ ಬಹುಮಾನದ ಪುರುಷರ ಟೂರ್ನಿ. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್, ಅಂದರೆ ಐಟಿಎಫ್ ನಡೆಸುವ ವರ್ಲ್ಡ್ ಟೆನಿಸ್ ಟೂರ್‌ನಲ್ಲಿ ಇದು ಕೆಳಗಿನ ಮೆಟ್ಟಿಲು. ಮೇಲೆ ಎಂ25, ಅದರ ಮೇಲೆ ಚಾಲೆಂಜರ್, ಆಮೇಲೆ ಪುರುಷರ ವೃತ್ತಿಪರ ಟೆನಿಸ್‌ನ ಮೇಲಿನ ಹಂತವಾದ ಎಟಿಪಿ ಟೂರ್. ಟಿವಿಯಲ್ಲಿ ಕಾಣುವ ಎಲ್ಲರೂ ಹೆಚ್ಚುಕಮ್ಮಿ ಈ ಮೆಟ್ಟಿಲು ತುಳಿದೇ ಹೋದವರು.

ನನ್ನ ಕೋಚ್ ಸರ್ ಬಹಳ ದಿನದಿಂದ ಒಂದೇ ಮಾತು ಹೇಳುತ್ತಿದ್ದರು. "ನಿನ್ನ ವಾಲಿ ಚೆನ್ನಾಗಿದೆ, ಸರ್ವ್ ಪರವಾಗಿಲ್ಲ, ಬೇಸ್‌ಲೈನ್‌ನಲ್ಲಿ ಮೂರು ಗಂಟೆ ಓಡೋ ಕಾಲು ನಿನಗಿಲ್ಲ. ಡಬಲ್ಸ್ ಆಡಪ್ಪ." ವಾಲಿ ಅಂದರೆ ಬಾಲ್ ನೆಲಕ್ಕೆ ಬೀಳುವ ಮೊದಲೇ ಹೊಡೆಯುವುದು. ಕೊಡಗಿನ ರೋಹನ್ ಬೋಪಣ್ಣ ಮ್ಯಾಥ್ಯೂ ಎಬ್ಡನ್ ಜೊತೆ 2024ರ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಆ ವಯಸ್ಸಿನಲ್ಲಿ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಕೂಡ ಆದರು. ಡಬಲ್ಸ್ ಅಂದರೆ ಸಿಂಗಲ್ಸ್ ಆಗದವರ ಆಟ ಅಂತ ನಮ್ಮ ಕ್ಲಬ್‌ನಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ನನಗೆ ಆ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಅದು ಬೇರೆಯೇ ಆಟ, ಬೇರೆಯೇ ಬುದ್ಧಿ ಬೇಕು.

ಐಪಿನ್‌ನಿಂದ ಶುರು. ಇದು ಐಟಿಎಫ್ ಕೊಡುವ ಆಟಗಾರರ ಗುರುತಿನ ನಂಬರ್. ಇದಿಲ್ಲದೆ ಪ್ರಪಂಚದ ಯಾವ ಐಟಿಎಫ್ ಟೂರ್ನಿಗೂ ಹೆಸರು ಕೊಡುವಂತಿಲ್ಲ. ಅಖಿಲ ಭಾರತ ಟೆನಿಸ್ ಸಂಸ್ಥೆಯ (ಎಐಟಿಎ) ನಂಬರ್ ಇದೆಯಲ್ಲ ಅಂತ ಸುಮ್ಮನಿರಬೇಡಿ. ಅದು ದೇಶದೊಳಗಿನ ಟೂರ್ನಿಗಳಿಗೆ, ಇದು ಬೇರೆ. ಆನ್‌ಲೈನ್‌ನಲ್ಲೇ ಅರ್ಜಿ ಹಾಕಬೇಕು, ಶುಲ್ಕ ಡಾಲರ್‌ನಲ್ಲಿ ಕಟ್ಟಬೇಕು.

ಮೊದಲ ತೊಡಕು ಇಲ್ಲೇ ಬಂತು, ಅದೂ ಹೆಸರಿನ ವಿಷಯದಲ್ಲಿ. ನಮ್ಮ ಕಡೆ ಹೆಸರಿನ ಜೊತೆ ಎರಡು ಇನಿಷಿಯಲ್ ಇರುತ್ತವೆ, ಸರ್‌ನೇಮ್ ಅಂತ ಒಂದು ಇರುವುದಿಲ್ಲ. ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಇತ್ತು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮುಂದೆ ಇತ್ತು, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು, ಊರಿನ ಹೆಸರು ಎರಡೂ ಬಿಡಿಸಿ ಬರೆದಿದ್ದರು. ಐಪಿನ್ ಅರ್ಜಿ ಕುಟುಂಬದ ಹೆಸರು ಕೇಳುತ್ತದೆ, ಆ ಜಾಗ ಖಾಲಿ ಬಿಟ್ಟರೆ ಮುಂದೆ ಹೋಗುವುದೇ ಇಲ್ಲ. ಅಪ್ಪ, ನಾನು, ಪಕ್ಕದ ಮನೆ ಮೇಷ್ಟ್ರು ಕೂತು ಚರ್ಚೆ ಮಾಡಿ ಕೊನೆಗೆ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಅಕ್ಷರ ಬಿಡದೆ ತುಂಬಿದೆವು. ನೀವೂ ಹಾಗೇ ಮಾಡಿ. ಪಾಸ್‌ಪೋರ್ಟ್ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಸಾಮಾನ್ಯ 36 ಪುಟದ್ದಕ್ಕೆ ಶುಲ್ಕ 1,500 ರೂಪಾಯಿ. ಮುಂದೆ ಶ್ರೀಲಂಕಾಕ್ಕೋ ಥಾಯ್ಲೆಂಡ್‌ಗೋ ಆಡಲು ಹೋಗುವುದಾದರೆ ಹೇಗೂ ಬೇಕೇ ಬೇಕು.

ಎರಡನೆಯ ತೊಡಕು ಹಣ ಕಟ್ಟುವಾಗ. ಅಪ್ಪನ ಡೆಬಿಟ್ ಕಾರ್ಡ್ ಹಾಕಿದರೆ ಪ್ರತಿ ಸಲವೂ ವಿಫಲ ಅಂತ ಬರುತ್ತಿತ್ತು. ಬ್ಯಾಂಕಿಗೆ ಹೋದರೆ ಕೌಂಟರಿನಲ್ಲಿದ್ದವರಿಗೂ ಕಾರಣ ತಿಳಿಯಲಿಲ್ಲ, ನಾಳೆ ಬನ್ನಿ ಅಂದರು. ಕೊನೆಗೆ ಅದೇ ಬ್ಯಾಂಕಿನಲ್ಲಿ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬರು ಹೇಳಿಕೊಟ್ಟರು. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದ ಪ್ರಕಾರ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ವಹಿವಾಟು ಮೊದಲೇ ಬಂದ್ ಆಗಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ಅದನ್ನು ಆನ್ ಮಾಡಿಕೊಳ್ಳಬೇಕು. ಎರಡು ನಿಮಿಷದ ಕೆಲಸ. ಅದು ಗೊತ್ತಾಗುವುದಕ್ಕೆ ಅಪ್ಪ ಅಂಗಡಿ ಬಾಗಿಲು ಹಾಕಿ ಎಷ್ಟೋ ಸಲ ಓಡಾಡಿದರು.

ನಂಬರ್ ಬಂದ ಮೇಲೆ ಆಯಿತು ಅಂದುಕೊಂಡರೆ ಇನ್ನೂ ಇದೆ. ಉದ್ದೀಪನ ಮದ್ದು ಮತ್ತು ಮ್ಯಾಚ್ ಫಿಕ್ಸಿಂಗ್ ಬಗ್ಗೆ ಆನ್‌ಲೈನ್ ಪಾಠ ಓದಿ, ಕೊನೆಯ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಮುಗಿಸಬೇಕು. ಬೇಸರ ಪಟ್ಟುಕೊಳ್ಳದೆ ನಿಧಾನವಾಗಿ ಓದಿ, ಯಾಕೆಂದರೆ ಇದರಲ್ಲಿ ನಮಗೆ ನೇರವಾಗಿ ತಟ್ಟುವ ವಿಷಯ ಇದೆ. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಕೆಮ್ಮಿಗೆ ಅಂತ ಕೊಡುವ ಎಷ್ಟೋ ಸಿರಪ್‌ಗಳಲ್ಲಿ ಟರ್ಬುಟಲಿನ್ ಇರುತ್ತದೆ. ಅದು ನಿಷೇಧಿತ ಪಟ್ಟಿಯಲ್ಲಿದೆ. ಕೆಲವು ನೆಗಡಿ ಮಾತ್ರೆಗಳಲ್ಲಿರುವ ಸೂಡೋಎಫೆಡ್ರಿನ್ ಕೂಡ ಸ್ಪರ್ಧೆಯ ಸಮಯದಲ್ಲಿ ಮಿತಿ ದಾಟಿದರೆ ತಪ್ಪು. ಟೂರ್ನಿಗೆ ಸ್ವಲ್ಪ ಮುಂಚೆ ನನಗೆ ಗಂಟಲು ಕಟ್ಟಿತ್ತು. ಅಮ್ಮ ಮನೆಯಲ್ಲಿದ್ದ ಸಿರಪ್ ಬಾಟಲಿ ತಂದರು, ಹಿಂದೆ ತಿರುಗಿಸಿ ನೋಡಿದರೆ ಸಣ್ಣ ಅಕ್ಷರದಲ್ಲಿ ಅದೇ ಹೆಸರು. ಬಿಸಿನೀರು, ಉಪ್ಪು, ಮೆಣಸಿನ ಕಷಾಯದಲ್ಲೇ ವಾಸಿ ಮಾಡಿಕೊಂಡೆ. ಡಾಕ್ಟರ್ ಬಳಿ ಹೋದರೆ "ನಾನು ಟೆನಿಸ್ ಆಡ್ತೀನಿ, ಡೋಪಿಂಗ್ ಪರೀಕ್ಷೆ ಇರಬಹುದು" ಅಂತ ಮೊದಲೇ ಹೇಳಿಬಿಡಿ.

ಇಷ್ಟಾದ ಮೇಲೆ ದೊಡ್ಡ ಪ್ರಶ್ನೆ: ಜೋಡಿ ಯಾರು?

ಡಬಲ್ಸ್‌ಗೆ ಮುಖ್ಯ ಸುತ್ತಿನಲ್ಲಿ 16 ಜೋಡಿಗಳಿಗೆ ಜಾಗ. ಅದರಲ್ಲಿ ಕೆಲವು ವೈಲ್ಡ್ ಕಾರ್ಡ್, ಅಂದರೆ ಆಯೋಜಕರು ತಾವೇ ಆರಿಸಿ ಕೊಡುವ ಜಾಗ, ಉಳಿದದ್ದು ರ‍್ಯಾಂಕಿಂಗ್ ಮೇಲೆ. ಇಬ್ಬರ ರ‍್ಯಾಂಕಿಂಗ್ ಕೂಡಿಸುತ್ತಾರೆ, ಯಾರ ಮೊತ್ತ ಕಡಿಮೆಯೋ ಅವರು ಮೇಲೆ. ಒಬ್ಬೊಬ್ಬರೂ ತಮ್ಮ ಸಿಂಗಲ್ಸ್, ಡಬಲ್ಸ್ ರ‍್ಯಾಂಕಿಂಗ್‌ಗಳಲ್ಲಿ ಯಾವುದು ಚೆನ್ನಾಗಿದೆಯೋ ಅದನ್ನು ಬಳಸಿಕೊಳ್ಳಬಹುದು. ನನಗೆ ಎಟಿಪಿ ರ‍್ಯಾಂಕಿಂಗ್ ಇರಲಿಲ್ಲ. ನನ್ನಂಥವನ ಜೊತೆ ಆಡುವುದಕ್ಕೆ ರ‍್ಯಾಂಕಿಂಗ್ ಇರುವವರು ಸುಲಭಕ್ಕೆ ಒಪ್ಪುವುದಿಲ್ಲ, ಅವರ ಜಾಗವೂ ಕೆಳಗೆ ಜಾರುತ್ತದೆ. ಅದು ಅವರ ಹೊಟ್ಟೆಪಾಡು, ಬೇಜಾರು ಮಾಡಿಕೊಳ್ಳಬಾರದು. ನಾನು ಪರಿಚಯ ಇದ್ದವರಿಗೆಲ್ಲ ಮೆಸೇಜ್ ಹಾಕಿದೆ. ಕೆಲವರು ಇಲ್ಲ ಅಂದರು, ಜಾಸ್ತಿ ಜನ ಉತ್ತರವನ್ನೇ ಕೊಡಲಿಲ್ಲ.

ಕೊನೆಗೆ ಒಪ್ಪಿದ್ದು ಧಾರವಾಡದ ಒಬ್ಬ ಅಣ್ಣ. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ರಾಜ್ಯಮಟ್ಟದ ಟೂರ್ನಿಯೊಂದರಲ್ಲಿ ಎದುರಾಳಿಯಾಗಿ ಸಿಕ್ಕಿದ್ದರು. ಅವರ ಡಬಲ್ಸ್ ರ‍್ಯಾಂಕಿಂಗ್ ಸಾವಿರದ ಆಚೆ ಇತ್ತು, ಆದರೂ ಇತ್ತು. "ನಿನ್ನ ಊರಾಗ ಆಡೋದೈತಿ, ಉಳ್ಕೊಳ್ಳಾಕ ನಿಮ್ಮನಿ ಐತಿ. ಬರ್ತೀನಿ ತಮ್ಮಾ," ಅಂದರು ಫೋನಿನಲ್ಲಿ. ನನಗೆ ಮಾತೇ ಹೊರಡಲಿಲ್ಲ.

ವೈಲ್ಡ್ ಕಾರ್ಡ್‌ಗೂ ಪತ್ರ ಕೊಟ್ಟೆವು. ಸಿಗಲಿಲ್ಲ. ಊರಿನವನು ಅಂದ ಮಾತ್ರಕ್ಕೆ ಅದು ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ.

ಪ್ರತಿ ಟೂರ್ನಿಗೂ ಒಂದು ಫ್ಯಾಕ್ಟ್ ಶೀಟ್ ಇರುತ್ತದೆ, ಐಟಿಎಫ್ ಜಾಲತಾಣದಲ್ಲಿ ಸಿಗುತ್ತದೆ. ಯಾವ ಬಾಲ್, ಯಾವ ಕೋರ್ಟ್, ಪ್ರವೇಶ ಶುಲ್ಕ ಎಷ್ಟು, ಡಬಲ್ಸ್ ಸೈನ್-ಇನ್ (ಜೋಡಿಯ ಹೆಸರು ಬರೆಸುವುದು) ಯಾವ ದಿನ ಎಷ್ಟು ಗಂಟೆಯೊಳಗೆ, ಎಲ್ಲ ಅದರಲ್ಲೇ ಇದೆ. ಯಾರ ಬಾಯಿಮಾತನ್ನೂ ನಂಬದೆ ಅದನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಸೈನ್-ಇನ್ ದಿನ ನಾವು ಹೇಳಿದ ಗಂಟೆಗಿಂತ ಬಹಳ ಮುಂಚೆಯೇ ಹೋಗಿ ಕೂತೆವು. ಸೂಪರ್‌ವೈಸರ್ ಟೇಬಲ್ ಮೇಲೆ ಒಂದು ಕ್ಲಿಪ್ ಬೋರ್ಡ್, ಅದಕ್ಕೆ ದಾರ ಕಟ್ಟಿದ ಪೆನ್ನು. ಅದರ ಸುತ್ತ ಹುಡುಗರು ನಿಂತು ಒಬ್ಬರನ್ನೊಬ್ಬರು "ನಿನ್ನ ರ‍್ಯಾಂಕ್ ಎಷ್ಟು, ಜೋಡಿ ಇದೆಯಾ" ಅಂತ ಕೇಳುತ್ತಿದ್ದರು. ಹಿಂದಿ, ತಮಿಳು, ಇಂಗ್ಲಿಷ್ ಎಲ್ಲ ಸೇರಿ ಸಂತೆಯ ಸದ್ದು. ಕೊನೆಯ ನಿಮಿಷದಲ್ಲಿ ಜೋಡಿ ಬದಲಾಯಿಸಿದವರೂ ಇದ್ದರು. ಗಂಟೆ ಮುಗಿದ ತಕ್ಷಣ ಬೋರ್ಡ್ ಎತ್ತಿಟ್ಟರು. ಓಡೋಡಿ ಬಂದ ಇಬ್ಬರು ಎಷ್ಟು ಕೇಳಿಕೊಂಡರೂ ಬರೆಸಿಕೊಳ್ಳಲಿಲ್ಲ.

ಪಟ್ಟಿ ಅಂಟಿಸಿದಾಗ ನಮ್ಮ ಹೆಸರು ಗೆರೆಯ ಕೆಳಗಿತ್ತು. ಅಂದರೆ ಆಲ್ಟರ್ನೇಟ್. ಯಾರಾದರೂ ಹಿಂದೆ ಸರಿದರೆ ಮಾತ್ರ ಅವಕಾಶ.

ಇಲ್ಲಿಂದ ಮುಂದಿನದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಲ್ಲೇ ಜಾಸ್ತಿ ಜನ ಮನೆಗೆ ಹೋಗಿಬಿಡುತ್ತಾರೆ. ಆಲ್ಟರ್ನೇಟ್ ಆದವರು ಬೆಳಗ್ಗೆ ಆಟ ಶುರುವಾಗುವ ಮೊದಲೇ ಬಂದು ಮತ್ತೆ ಸಹಿ ಹಾಕಬೇಕು. ಮೇಲಿರುವ ಆಲ್ಟರ್ನೇಟ್ ಜೋಡಿ ಬರದಿದ್ದರೆ ಸರದಿ ನಿಮ್ಮದು. ಡಬಲ್ಸ್ ಆಡುವವರಲ್ಲಿ ಬಹಳಷ್ಟು ಜನ ಸಿಂಗಲ್ಸ್ ಕೂಡ ಆಡುತ್ತಾರೆ. ಮಧ್ಯಾಹ್ನದ ಬಿಸಿಲಲ್ಲಿ ಮೂರು ಸೆಟ್ ಆಡಿದವನಿಗೆ ಕಾಲು ಹಿಡಿದುಕೊಂಡರೆ ಸಂಜೆ ಡಬಲ್ಸ್ ಬಿಡುತ್ತಾನೆ. ಆ ಪಂದ್ಯ ಶುರುವಾಗುವವರೆಗೂ ಬಾಗಿಲು ತೆರೆದೇ ಇರುತ್ತದೆ. ಹಾಗಾಗಿ ಶೂ ಬಿಚ್ಚಬೇಡಿ.

ನಾವು ಬೆಳಗಿನಿಂದ ಬೇವಿನ ಮರದ ಕೆಳಗೆ ಕೂತಿದ್ದೆವು. ದಸರಾ ಮುಗಿದಿದ್ದರೂ ಬಿಸಿಲು ಚುರುಗುಡುತ್ತಿತ್ತು. ಅಮ್ಮ ಕಟ್ಟಿಕೊಟ್ಟ ಮೊಸರನ್ನ, ಬಾಳೆಹಣ್ಣು, ಓಆರ್‌ಎಸ್ ನೀರು ಇತ್ತು. ಹೊರಗಿನಿಂದ ಬಂದ ಆಟಗಾರರೆಲ್ಲ ಬೆಣ್ಣೆ ದೋಸೆ ಎಲ್ಲಿ ಸಿಗುತ್ತದೆ ಅಂತ ನನ್ನನ್ನೇ ಕೇಳುತ್ತಿದ್ದರು. ನಾನು ಎಲ್ಲರಿಗೂ ದಾರಿ ಹೇಳಿ, ಪಂದ್ಯ ಮುಗಿದ ಮೇಲೆ ಹೋಗಿ ಅಂದೆ. ಅಷ್ಟು ಬೆಣ್ಣೆ ತಿಂದು ಆಡುವುದಕ್ಕಾಗುವುದಿಲ್ಲ.

ಸುಮಾರು ನಾಲ್ಕು ಗಂಟೆಗೆ ಎರಡನೇ ಕೋರ್ಟಿನ ಸಿಂಗಲ್ಸ್‌ನಲ್ಲಿ ಒಬ್ಬ ಹುಡುಗ ಸರ್ವ್ ಮಾಡಿ ಇಳಿಯುತ್ತಲೇ ತೊಡೆ ಹಿಡಿದು ಕೂತುಬಿಟ್ಟ. ಫಿಸಿಯೊ ಬಂದರು, ಐಸ್ ಇಟ್ಟರು. ಅವನ ಡಬಲ್ಸ್ ಜೋಡಿ ಬೇಲಿಯ ಆಚೆ ನಿಂತು ನೋಡುತ್ತಿದ್ದ. ಅವನ ಮುಖ ನೋಡಿ ನನ್ನ ಹೊಟ್ಟೆಯಲ್ಲಿ ಸಂಕಟ ಆಯಿತು. ಅವರಿಗೆ ಕೆಟ್ಟದ್ದಾದರೆ ನಮಗೆ ಒಳ್ಳೆಯದು, ಅದನ್ನು ಕಾಯುತ್ತಾ ಕೂರುವುದು ಮನಸ್ಸಿಗೆ ಹಿಂಸೆ. ಅಣ್ಣನಿಗೆ ಹೇಳಿದೆ. "ನಾವೇನ್ ಅವಂಗ ಶಾಪ ಹಾಕೀವೇನು? ರ‍್ಯಾಕೆಟ್ ತಗಿ, ಗ್ರಿಪ್ ಸುತ್ತು," ಅಂದರು. ಸ್ವಲ್ಪ ಹೊತ್ತಿಗೆ ನಮ್ಮ ಹೆಸರು ಕೂಗಿದರು.

ಕರೆದ ಮೇಲೆ 15 ನಿಮಿಷದೊಳಗೆ ಕೋರ್ಟಿಗೆ ಬರದಿದ್ದರೆ ಡಿಫಾಲ್ಟ್, ಅಂದರೆ ಆಡದೇ ಸೋತಂತೆ. ವಾರ್ಮ್-ಅಪ್‌ಗೆ ಕೊಡುವುದು ಐದೇ ನಿಮಿಷ. ಗಟ್ಟಿಂಗ್ ಮಾಡಿಸಿದ, ಅಂದರೆ ಹೊಸ ತಂತಿ ಹಾಕಿಸಿದ ರ‍್ಯಾಕೆಟ್‌ಗಳು ಮೊದಲೇ ಸಿದ್ಧ ಇರಬೇಕು. ನಾನು ಮಾಮೂಲಿಯಾಗಿ ಗಟ್ಟಿಂಗ್‌ಗೆ ಬಸ್ ಪಾರ್ಸೆಲ್‌ನಲ್ಲಿ ಬೆಂಗಳೂರಿಗೆ ಕಳಿಸುತ್ತೇನೆ. ಟೂರ್ನಿಯಲ್ಲಿ ಮೆಷಿನ್ ಇಟ್ಟುಕೊಂಡು ಕೂರುವವರು ಇರುತ್ತಾರೆ, ಆದರೆ ಸರದಿ ಉದ್ದ.

ಡಬಲ್ಸ್ ಲೆಕ್ಕ ಕ್ಲಬ್ ಆಟದ ಹಾಗಲ್ಲ. ಡ್ಯೂಸ್, ಅಂದರೆ 40-40 ಆದ ಮೇಲೆ ಸತತ ಎರಡು ಪಾಯಿಂಟ್ ಗೆಲ್ಲಬೇಕಾದ ಅಡ್ವಾಂಟೇಜ್ ಪದ್ಧತಿ ಇಲ್ಲ. ಡ್ಯೂಸ್ ಆದರೆ ಒಂದೇ ಪಾಯಿಂಟ್, ಅದನ್ನು ಗೆದ್ದವರಿಗೆ ಗೇಮ್. ಯಾವ ಬದಿಯಲ್ಲಿ ಸರ್ವ್ ಎದುರಿಸಬೇಕು ಅಂತ ರಿಸೀವ್ ಮಾಡುವ ಜೋಡಿ ಆರಿಸಿಕೊಳ್ಳುತ್ತದೆ. ಒಂದೊಂದು ಸೆಟ್ ಆದರೆ ಮೂರನೇ ಸೆಟ್ ಬದಲು ಹತ್ತು ಪಾಯಿಂಟಿನ ಮ್ಯಾಚ್ ಟೈಬ್ರೇಕ್. ಹಾಗಾಗಿ ಎಲ್ಲ ಬಹಳ ಬೇಗ ಕೈಜಾರುತ್ತದೆ. ಈ ಲೆಕ್ಕದಲ್ಲೇ ಅಭ್ಯಾಸ ಮಾಡಿ ಹೋಗಿ. ನಾವು ಅಣ್ಣ ಬಂದ ದಿನದಿಂದ ಪ್ರತಿ ಗೇಮನ್ನೂ ಡ್ಯೂಸ್‌ನಿಂದಲೇ ಶುರು ಮಾಡಿ ಆಡಿದ್ದೆವು. ಅದು ಕೈ ಹಿಡಿಯಿತು.

ಎದುರಿಗೆ ಚೆನ್ನೈನ ಒಬ್ಬ, ಜಪಾನಿನ ಒಬ್ಬ. ಮೊದಲ ಸೆಟ್ 3-6 ಹೋಯಿತು. ನನ್ನ ಕಾಲು ನೆಲಕ್ಕೆ ಅಂಟಿಕೊಂಡಂತಿತ್ತು. ಬೇಲಿಯ ಆಚೆ ಅಪ್ಪ, ಕೋಚ್ ಸರ್, ಕಾಲೇಜಿನ ಗೆಳೆಯರು, ಎಲ್ಲರ ಕಣ್ಣೂ ಬೆನ್ನ ಮೇಲೆ. ಬದಿ ಬದಲಾಯಿಸುವಾಗ ಅಣ್ಣ ಹೇಳಿದ್ದು ಇಷ್ಟೇ: "ನೀ ನೆಟ್ ಬಿಟ್ಟು ಕದಲಬ್ಯಾಡ. ಹಿಂದಿಂದು ನಾ ನೋಡ್ಕೋತೀನಿ." ಎರಡನೇ ಸೆಟ್ ಟೈಬ್ರೇಕ್‌ನಲ್ಲಿ ನಮಗೆ ಬಂತು. ಮ್ಯಾಚ್ ಟೈಬ್ರೇಕ್ 8-8. ಅವರ ಸರ್ವ್‌ಗೆ ಅಣ್ಣ ತಲೆ ಮೇಲಿಂದ ಹೋಗುವಂತೆ ಲಾಬ್ ಎತ್ತಿದರು, ಚೆನ್ನೈನವನು ಹಿಂದೆ ಓಡಿ ಹೊಡೆದದ್ದು ನೆಟ್‌ಗೆ. 9-8, ಈಗ ಅಣ್ಣನ ಸರ್ವ್. ನೆಟ್ ಹತ್ತಿರ ನಿಂತವನು ಬೆನ್ನ ಹಿಂದೆ ಕೈಯಲ್ಲಿ ಸನ್ನೆ ಮಾಡಬೇಕು: ಮುಷ್ಟಿ ಅಂದರೆ ಅಲ್ಲೇ ನಿಲ್ಲುತ್ತೇನೆ, ಅಂಗೈ ಬಿಚ್ಚಿದರೆ ಅಡ್ಡ ಹೋಗುತ್ತೇನೆ. ನಾನು ಅಂಗೈ ಬಿಚ್ಚಿದೆ. ಬೆರಳು ನಡುಗುತ್ತಿತ್ತು, ಬೆವರಿಗೆ ಗ್ರಿಪ್ ಜಾರುತ್ತಿತ್ತು. ಸರ್ವ್ ಮಧ್ಯದ ಗೆರೆಗೆ ಬಿತ್ತು, ರಿಟರ್ನ್ ನಾನು ಅಂದುಕೊಂಡ ಕಡೆಗೇ ಬಂತು. ರ‍್ಯಾಕೆಟ್ ಬೀಸಲಿಲ್ಲ, ಸುಮ್ನೆ ಅಡ್ಡ ಹಿಡಿದೆ. ಬಾಲ್ ಜಪಾನಿನವನ ಕಾಲ ಬಳಿ ಬಿದ್ದು ಹೊರಗೆ ಹೋಯಿತು. ಅಪ್ಪ ಕೂಗಿದ್ದು ನನಗೆ ಕೇಳಿಸಿತು. ಅವರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಅವತ್ತು ರಾತ್ರಿ ಫೋನ್ ತೆಗೆದರೆ ಗುರುತಿಲ್ಲದವರ ಮೆಸೇಜ್‌ಗಳು. ಸೋತ ಜೋಡಿಯ ಮೇಲೆ ಬಾಜಿ ಕಟ್ಟಿದವರು ಕೆಟ್ಟಕೆಟ್ಟದಾಗಿ ಬೈದಿದ್ದರು. ಒಬ್ಬ ಮಾತ್ರ ನಯವಾಗಿ, ನಿನ್ನ ಜೋಡಿಯ ಭುಜ ಹೇಗಿದೆ, ನಾಳೆ ಆಡ್ತೀರಾ ಅಂತ ಕೇಳಿದ್ದ. ಆ ನಯವಾದ ಮೆಸೇಜೇ ಹೆಚ್ಚು ಅಪಾಯ. ಗಾಯ, ಫಿಟ್‌ನೆಸ್‌ನಂಥ ಒಳಗಿನ ಸುದ್ದಿ ಕೊಡುವುದೂ ನಿಯಮದ ಪ್ರಕಾರ ಅಪರಾಧ. ಉತ್ತರ ಕೊಡಬೇಡಿ, ಸ್ಕ್ರೀನ್‌ಶಾಟ್ ತೆಗೆದು ಸೂಪರ್‌ವೈಸರ್‌ಗೆ ತೋರಿಸಿ. ಟೆನಿಸ್‌ನ ಪ್ರಾಮಾಣಿಕತೆ ನೋಡಿಕೊಳ್ಳುವ ಐಟಿಐಎ ಸಂಸ್ಥೆಗೆ ತಿಳಿಸುವುದು ಆಟಗಾರನ ಕರ್ತವ್ಯ. ನಾವು ತಿಳಿಸಿದೆವು. ಮೊದಲ ಬಾರಿ ಅಂಥ ಬೈಗುಳ ಓದಿದಾಗ ನಿದ್ದೆ ಬರುವುದಿಲ್ಲ, ಪಂದ್ಯದ ದಿನಗಳಲ್ಲಿ ಆ ಆ್ಯಪ್‌ಗಳನ್ನೇ ತೆಗೆದುಹಾಕಿ.

ಮರುದಿನ ಹಿಂಗಾರು ಮಳೆ. ಹುಡುಗರು ರಬ್ಬರ್ ಪಟ್ಟಿಯ ಕೋಲಿನಿಂದ ನೀರು ಎಳೆದು, ಗೆರೆಗಳನ್ನು ಟವೆಲ್‌ನಿಂದ ಒರೆಸಿ ಒಣಗಿಸುವುದು, ಮತ್ತೆ ಹನಿ ಬೀಳುವುದು. ಮಳೆ ಬಂದರೆ ಮೊದಲು ಸಿಂಗಲ್ಸ್ ಮುಗಿಸುತ್ತಾರೆ, ಡಬಲ್ಸ್ ಹಿಂದೆ ಹೋಗುತ್ತದೆ. ಅದರ ಮೇಲೆ ಸಿಂಗಲ್ಸ್ ಆಡಿದವನಿಗೆ ವಿಶ್ರಾಂತಿ ಕೊಡಬೇಕು. ಒಂದೂವರೆ ಗಂಟೆಗಿಂತ ಹೆಚ್ಚು ಆಡಿದ್ದರೆ ಅವನಿಗೆ ಒಂದೂವರೆ ಗಂಟೆ ಬಿಡುವು. ಎದುರಾಳಿಗಳಲ್ಲಿ ಒಬ್ಬ ಹಾಗೇ ಆಡಿ ಬಂದಿದ್ದ. ಕಾದು ಕಾದು ಮೈ ತಣ್ಣಗಾಗಿತ್ತು. ಸ್ಕಿಪ್ಪಿಂಗ್ ಹಗ್ಗ ಬ್ಯಾಗಿನಲ್ಲಿ ಇರಲಿ. ಕ್ವಾರ್ಟರ್ ಫೈನಲ್‌ನಲ್ಲಿ ಶ್ರೇಯಾಂಕದ ಜೋಡಿ ನಮ್ಮನ್ನು 6-2, 6-3ರಲ್ಲಿ ಸೋಲಿಸಿತು. ಅವರ ರಿಟರ್ನ್ ನಮ್ಮ ಕೈಗೆ ನಿಲುಕುವಂಥದ್ದಲ್ಲ, ಅಷ್ಟೇ.

ಇನ್ನು ಹಣ. ಎಂ15 ಡಬಲ್ಸ್‌ನಲ್ಲಿ ಗೆದ್ದ ಜೋಡಿಗೆ 930 ಡಾಲರ್, ರನ್ನರ್-ಅಪ್‌ಗೆ 540, ಸೆಮಿಫೈನಲ್‌ನಲ್ಲಿ ಸೋತವರಿಗೆ 320, ಕ್ವಾರ್ಟರ್‌ನಲ್ಲಿ 190, ಮೊದಲ ಸುತ್ತಿನಲ್ಲಿ 110. ಇದು ಜೋಡಿಗೆ, ಒಬ್ಬರಿಗಲ್ಲ. ನನ್ನ ಪಾಲು 95 ಡಾಲರ್, ತೆರಿಗೆಗೆ ಮುಂಚೆ ಎಂಟು ಸಾವಿರ ರೂಪಾಯಿಯ ಆಸುಪಾಸು. ಪ್ಯಾನ್ ಕಾರ್ಡ್, ಬ್ಯಾಂಕ್ ಖಾತೆಯ ವಿವರ ಕೇಳುತ್ತಾರೆ, ಎರಡರಲ್ಲೂ ಹೆಸರು ಒಂದೇ ರೀತಿ ಇರಲಿ. ಐಪಿನ್ ಶುಲ್ಕ, ಪ್ರವೇಶ ಶುಲ್ಕ, ಒಂದೊಂದು ರ‍್ಯಾಕೆಟ್‌ಗೆ ಸಾವಿರದ ಹತ್ತಿರ ಬೀಳುವ ಗಟ್ಟಿಂಗ್, ಅಭ್ಯಾಸದ ಬಾಲ್, ಶೂ ಎಲ್ಲ ಸೇರಿದರೆ ಖರ್ಚು ಇದಕ್ಕಿಂತ ಎಷ್ಟೋ ಪಾಲು ಜಾಸ್ತಿ. ಮನೆ ಇದೇ ಊರಲ್ಲಿ ಇದ್ದದ್ದಕ್ಕೆ ರೂಮಿನ ಬಾಡಿಗೆ, ಊಟ ಉಳಿಯಿತು. ದೂರದ ಊರಿಂದ ಬಂದವರು ಹೇಗೆ ನಿಭಾಯಿಸುತ್ತಾರೋ ನೆನೆದರೆ ಗೌರವ ಮೂಡುತ್ತದೆ. ಅದಕ್ಕೇ ಹೇಳುವುದು, ಮೊದಲ ಟೂರ್ನಿಯನ್ನು ಮನೆಗೆ ಹತ್ತಿರದಲ್ಲಿ ಆಡಿ. ಹತ್ತಿರದ ಊರಲ್ಲಿ ನಡೆಯುವಾಗ ಬಿಡಬೇಡಿ.

ಮೊದಲ ಸುತ್ತಿನಲ್ಲಿ ಸೋತರೆ ಡಬಲ್ಸ್‌ನಲ್ಲಿ ಎಟಿಪಿ ಅಂಕ ಇಲ್ಲ. ಒಂದು ಪಂದ್ಯ ಗೆದ್ದರೆ ಖಾತೆ ತೆರೆಯುತ್ತದೆ. ಆ ಅಂಕ ಟೂರ್ನಿ ಮುಗಿದ ಮರುದಿನವೇ ಕಾಣಿಸುವುದಿಲ್ಲ, ಒಂದು ವಾರ ಬಿಟ್ಟು ಅದರ ಮುಂದಿನ ಸೋಮವಾರ ಪಟ್ಟಿಗೆ ಸೇರುತ್ತದೆ. ನಡುವಿನ ಸೋಮವಾರ ಹೆಸರಿಲ್ಲ ಅಂತ ಗಾಬರಿಯಾಗಬೇಡಿ. ಬಂದ ಅಂಕ 52 ವಾರ ಇರುತ್ತದೆ, ಆಮೇಲೆ ಬಿದ್ದುಹೋಗುತ್ತದೆ. ಅಷ್ಟರೊಳಗೆ ಇನ್ನಷ್ಟು ಸೇರಿಸಿಕೊಳ್ಳಬೇಕು.

ಅಣ್ಣ ಮತ್ತು ನಾನು ಮುಂದಿನ ಟೂರ್ನಿಗೂ ಜೋಡಿಯಾಗಿ ಹೆಸರು ಕೊಟ್ಟಿದ್ದೇವೆ. ಹೆಸರು ಕೊಟ್ಟ ಮೇಲೆ ಹೋಗಲು ಆಗದಿದ್ದರೆ ಹಿಂತೆಗೆದುಕೊಳ್ಳುವ ಕಡೆಯ ಗಂಟೆ ದಾಟುವ ಮೊದಲೇ ತಿಳಿಸಿಬಿಡಿ, ಇಲ್ಲದಿದ್ದರೆ ದಂಡ ಬೀಳುತ್ತದೆ. ಇನ್ನೂ ಜೋಡಿ ಸಿಗದವರು ಐಪಿನ್ ಮತ್ತು ಗುರುತಿನ ಚೀಟಿ ಹಿಡಿದು ಸೈನ್-ಇನ್ ದಿನ ಬೆಳಗ್ಗೆಯೇ ಆ ಟೇಬಲ್ ಹತ್ತಿರ ಬಂದು ನಿಲ್ಲಿ. ನಿಮ್ಮ ಹಾಗೇ ಜೋಡಿ ಇಲ್ಲದೆ ಬಂದವನು ಅಲ್ಲಿ ಒಬ್ಬನಾದರೂ ಇರುತ್ತಾನೆ.